ಮಕ್ಕಳೊಂದಿಗರ ನಗೆಬರಹ

ಹಾಸ್ಯರಸವನ್ನು ಕುರಿತು ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹೇಳಿರುವ ಮಾತುಗಳಲ್ಲಿ ಒಂದು ಈಗಿನ ವಾಚಕರನ್ನು ತಡೆದು ನಿಲ್ಲಿಸುವಂಥದು. ಸ್ಮಿತ, ಹಸಿತ ಮೊದಲಾದ ಆರು ಭೇದಗಳನ್ನೂ, ತಾನು ನಗುವ ಆತ್ಮಸ್ಥ ಮತ್ತು ಪರರನ್ನು ನಗಿಸುವ ಪರಸ್ಥ ಎಂಬ ಎರಡು ಬಗೆಗಳನ್ನೂ ವಿವರಿಸುವ ಆ ಪ್ರಕರಣದಲ್ಲಿಯೇ, ಈ ರಸವು ಹೆಚ್ಚಾಗಿ ಸ್ತ್ರೀಯರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಕಂಡುಬರುತ್ತದೆಂದು ಅವನು ಹೇಳಿದ್ದಾನೆ. ಹೆಂಗಸರು ರಂಗದ ಮೇಲೆ ನಗೆಗೆ ಪಾತ್ರರಾಗುವುದಕ್ಕೆ ಶಾಸ್ತ್ರದ ಸಮ್ಮತಿಯಿತ್ತೆಂದಾಯಿತು. ಅವರೇ ನಗೆಯ ಕರ್ತೃಗಳಾಗುವ ಸಂದರ್ಭ ಶಾಸ್ತ್ರಕಾರನ ಊಹೆಗೆ ಬಂದಂತಿಲ್ಲ.

ಕನ್ನಡದಲ್ಲಿ ಆ ಸಂದರ್ಭ ಒದಗಿದ್ದು ‘ಕೊರವಂಜಿ’ಯ ಕಾಲದಲ್ಲಿ. ವೃತ್ತಿಯಿಂದ ವೈದ್ಯರಾಗಿದ್ದ ಡಾ. ಎಂ. ಶಿವರಾಂ ಅವರು, ಎಂದರೆ ‘ರಾಶಿ’ಯವರು, 1942ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿ 1967ರ ವರೆಗೆ ನಡೆಸಿದ ಈ ವಿನೋದ ಮಾಸಪತ್ರಿಕೆಯು ನಾ. ಕಸ್ತೂರಿಯವರ ಪದವಿನೋದಕ್ಕೂ ತರುಣ ಆರ್. ಕೆ. ಲಕ್ಷ್ಮಣರ ಗೆರೆಗಳಿಗೂ ಎಡೆಗೊಟ್ಟಂತೆ ಟಿ. ಸುನಂದಮ್ಮನವರ (1917–2006) ಬರಹಕ್ಕೂ ಎಡೆಗೊಟ್ಟಿತು. ಕನ್ನಡದ ಮೊದಲ ಹಾಸ್ಯಲೇಖಕಿ ಎಂಬ ಗೌರವ ಅವರದು. ‘ಬಣ್ಣದ ಚಿಟ್ಟೆ’, ‘ಪೆಪ್ಪರಮೆಂಟು’, ‘ಜಂಬದ ಚೀಲ’, ‘ವೃಕ್ಷವಾಹನ’ ಎಂಬ ಹೆಸರುಗಳನ್ನು ನೋಡಿದರೇ ಅವರ ಜಗತ್ತಿನ ಅಳತೆ ತಿಳಿಯುತ್ತದೆ: ಹೆಂಗಸರ ಕೈಗೆ ಎಟಕುವ ದೂರ, ಮಕ್ಕಳ ಬಾಯಿಗೆ ಎಟಕುವ ದೂರ. ‘ವ್ಯಾನಿಟಿ ಬ್ಯಾಗ್’ ಎಂಬುದನ್ನು ಕನ್ನಡದ ಹೆಂಗಸು ‘ಜಂಬದ ಚೀಲ’ವೆಂದು ಅಕ್ಷರಶಃ ತಿರುಗಿಸಿದಾಗ ವಸ್ತುವಿನ ಬೆಲೆ ಇಳಿದು ಅದನ್ನು ಹೊತ್ತವಳ ಗುಟ್ಟು ಹೊರಬಿತ್ತು. ಅಡ್ಡಗೆರೆಯ ವ್ಯಾಖ್ಯಾನ ಬೇಕಿಲ್ಲದ ಹಾಸ್ಯ ಇದು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಸ್ಥಾಪಿತವಾದಾಗ ಅದರ ಮೊದಲ ಅಧ್ಯಕ್ಷಸ್ಥಾನವನ್ನು ವಹಿಸಿದವರು ಕಾದಂಬರಿಕಾರ್ತಿಯಲ್ಲ, ಕವಯಿತ್ರಿಯಲ್ಲ, ಈ ನಗೆಗಾರ್ತಿ ಎಂಬುದನ್ನು ಸಾಹಿತ್ಯಚರಿತ್ರಕಾರರು ಇನ್ನಷ್ಟು ಗಮನಿಸಬಹುದಿತ್ತು.

ಎಳೆಯ ಮಕ್ಕಳಿರುವ ಮನೆಯಲ್ಲಿ ಸಾಹಿತ್ಯ ಹುಟ್ಟುವುದಿಲ್ಲವೆಂಬ ನಂಬಿಕೆ ಬಹು ಹಳೆಯದು. ಕನ್ನಡದಲ್ಲಿ ‘ಮಕ್ಕಳೊಂದಿಗರು’ ಎಂಬ ಒಂದು ಒಳ್ಳೆಯ ಮಾತುಂಟು. ‘ಪಾಪ, ಮಕ್ಕಳೊಂದಿಗರು’ ಎಂದರೆ ಅವರಿಂದ ಹೆಚ್ಚಿನದನ್ನು ಅಪೇಕ್ಷಿಸಬಾರದೆಂಬ ಕನಿಕರ ಅದರಲ್ಲಿ ಸೇರಿರುತ್ತದೆ. ಬರವಣಿಗೆಗೆ ಏಕಾಂತ ಬೇಕು, ದೀರ್ಘವಾದ ಬಿಡುವು ಬೇಕು ಎಂಬ ಮಾತು ಮಹಾಕಾವ್ಯಕ್ಕೆ ಸಲ್ಲಬಹುದು. ನಗೆಗಥೆಯ ವಿಷಯದಲ್ಲಿ ಅದನ್ನು ಪರಿಶೀಲಿಸದೆ ಒಪ್ಪುವಂತಿಲ್ಲ.

ಮದರಾಸಿನ ಕನ್ನಡಿಗರಿಗೆ ಹಾಸ್ಯವೆಂದೊಡನೆ ನೆನಪಾಗುವ ಹೆಸರು ಬಿ. ಜಿ. ಎಲ್. ಸ್ವಾಮಿಯವರದು. 1953ರಿಂದ ಇಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ‘ಹಸುರು ಹೊನ್ನು’ವಿಗೆ ಕಾಡನ್ನೂ, ‘ಕಾಲೇಜು ರಂಗ’ಕ್ಕೆ ಕಾಲೇಜನ್ನೂ, ‘ತಮಿಳು ತಲೆಗಳ ನಡುವೆ’ ಪುಸ್ತಕಕ್ಕೆ ಪಂಡಿತರ ವಾದವಿವಾದಗಳನ್ನೂ ವಸ್ತುವಾಗಿ ಪಡೆದರು. ಅದು ಉದ್ಯೋಗದ ಹಾಸ್ಯ. ಅದಕ್ಕೆ ಮೇಜು, ಕುರ್ಚಿ, ಗ್ರಂಥಭಂಡಾರ, ಪ್ರವಾಸ ಎಲ್ಲವೂ ಇದ್ದವು. ಮನೆಯ ಹಾಸ್ಯಕ್ಕೆ ಇವೊಂದೂ ಇಲ್ಲ. ಅದಕ್ಕೆ ದೊರೆಯುವುದು ಮಗು ಮಲಗಿದ ಅರ್ಧ ಗಂಟೆ, ಕುಕ್ಕರಿನ ಎರಡನೆಯ ಮತ್ತು ಮೂರನೆಯ ಕೂಗಿನ ನಡುವಿನ ಅವಧಿ, ಶಾಲೆಯ ಬಾಗಿಲಲ್ಲಿ ಕಾಯುವ ಹತ್ತು ನಿಮಿಷ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಆವರ್ತಕ ಠೇವಣಿ: ಕಂತು ಚಿಕ್ಕದು, ತಪ್ಪಿದರೆ ದಂಡವುಂಟು, ಅವಧಿ ಮುಗಿದಾಗ ಕೈಗೆ ಬರುವ ಮೊತ್ತ ಮಾತ್ರ ಕೆಲವೊಮ್ಮೆ ಆಶ್ಚರ್ಯಗೊಳಿಸುತ್ತದೆ.

ಈ ಕಂತುಗಳೇ ನಗೆಬರಹದ ರೂಪವನ್ನು ನಿರ್ಧರಿಸುತ್ತವೆ. ಬಿಟ್ಟಲ್ಲಿಂದ ಮತ್ತೆ ಹಿಡಿಯಲು ಆಗುವಂಥ ಪ್ರಕಾರವನ್ನೇ ಮಕ್ಕಳೊಂದಿಗರು ಆರಿಸಿಕೊಳ್ಳಬೇಕಾಗುತ್ತದೆ. ಅದು ಪತ್ರವಾಗಬಹುದು, ದಿನಚರಿಯಾಗಬಹುದು. ಅವವೇ ಪಾತ್ರಗಳು ತಿಂಗಳು ತಿಂಗಳೂ ಬಂದುಹೋಗುವ ಕಿರುಗಥೆಯಾಗಬಹುದು. ಗಂಡ, ಹೆಂಡತಿ, ಎರಡು ಮಕ್ಕಳು, ಪಕ್ಕದ ಮನೆಯ ಮಾಮಿ ಇವರನ್ನು ಒಮ್ಮೆ ಪರಿಚಯಿಸಿದರೆ ಮುಂದಿನ ಕಥೆಯನ್ನು ನಡುವಿನಿಂದಲೇ ಆರಂಭಿಸಬಹುದು. ಪೀಠಿಕೆಗೆ ವ್ಯಯವಾಗುವ ಅರ್ಧ ಗಂಟೆ ಉಳಿಯುತ್ತದೆ. ಆ ಅರ್ಧ ಗಂಟೆಯೇ ಇಡೀ ದಿನದ ಬಿಡುವೆಂಬುದನ್ನು ಮರೆಯಬಾರದು. ಇಂಗ್ಲೆಂಡಿನ ಇ. ಎಂ. ಡೆಲಾಫೀಲ್ಡ್ ಎಂಬ ಲೇಖಕಿ, ಎರಡು ಮಕ್ಕಳ ತಾಯಿ, 1929ರಲ್ಲಿ ಒಂದು ವಾರಪತ್ರಿಕೆಗೆ ಹಳ್ಳಿಗಾಡಿನ ಗೃಹಿಣಿಯೊಬ್ಬಳ ದಿನಚರಿಯನ್ನು ಬರೆಯಲಾರಂಭಿಸಿದಾಗ ಹಿಡಿದದ್ದು ಈ ದಾರಿಯನ್ನೇ.

ನಮಗೆ ಹತ್ತಿರದ ನಿದರ್ಶನ ತಮಿಳುನಾಡಿನಲ್ಲಿಯೇ ಇದೆ. ‘ಕುಮುದಿನಿ’ ಎಂಬ ಹೆಸರಿನಿಂದ ಬರೆಯುತ್ತಿದ್ದ ರಂಗನಾಯಕಿ ತಾತಮ್ (1905–1986) ಶ್ರೀರಂಗದ ಸಂಪ್ರದಾಯಸ್ಥ ವೈಷ್ಣವ ಮನೆತನದ ಸೊಸೆ. 1930ರ ದಶಕದಲ್ಲಿ ‘ಆನಂದ ವಿಕಟನ್’ ಪತ್ರಿಕೆಗೆ ಇವರು ಬರೆದ ಅಂತಃಪುರದ ಅಂಚೆಯ ಪತ್ರಗಳಲ್ಲಿ ಪುರಾಣದ ರಾಣಿಯರು ತಮ್ಮ ತವರಿಗೆ ಕಾಗದ ಬರೆಯುತ್ತಾರೆ. ಅಯೋಧ್ಯೆಗೆ ಬಂದ ಸೀತೆ ತಾಯಿಗೆ ಬರೆಯುವ ಕಾಗದದಲ್ಲಿ ಧರ್ಮಸೂಕ್ಷ್ಮದ ಚರ್ಚೆಯಿಲ್ಲ. ಸೀರೆಯ ಮಾತಿದೆ, ಅತ್ತೆಯ ಮನೆಯವರ ಮುಂದೆ ತವರಿನ ಮಾನ ಉಳಿಯಬೇಕೆಂಬ ಆತಂಕವಿದೆ. ಮಹಾಕಾವ್ಯದ ಗಾತ್ರವನ್ನು ಒಂದು ಅಂಚೆ ಕಾಗದದ ಗಾತ್ರಕ್ಕೆ ಇಳಿಸಿದ್ದು ಕೇವಲ ಚಮತ್ಕಾರವಲ್ಲ. ಒಳಮನೆಯಲ್ಲಿ ಕುಳಿತವರಿಗೆ ಜಗತ್ತು ಕಾಣುವುದೇ ಆ ಅಳತೆಯಲ್ಲಿ. ಕನ್ನಡದಲ್ಲಿ ಈ ಪತ್ರಗಳು ಹೆಚ್ಚು ಪರಿಚಿತವಾಗಬೇಕು. ಶ್ರೀರಂಗವೇನೂ ನಮಗೆ ದೂರವಲ್ಲ.

ರೂಪವನ್ನು ಕುರಿತ ಮಾತು ಇಷ್ಟು ಸಾಕು. ಮಗುವಿನ ಮಾತನ್ನು ಕಥೆಯನ್ನಾಗಿಸುವ ಕ್ರಮ ಇನ್ನೂ ಕಠಿಣವಾದದ್ದು. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ಹಾಸ್ಯಲೇಖಕರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ತನ್ನ ಮಗು ಆಡಿದ ಜಾಣ್ಮೆಯ ಮಾತನ್ನು ವರದಿ ಮಾಡುವವರ ಮುಂದೆ ಕೇಳುಗರು ಎಷ್ಟು ಬೇಗ ಗಡಿಯಾರ ನೋಡುತ್ತಾರೆಂಬುದು ಎಲ್ಲರ ಅನುಭವ. ಅಮೆರಿಕದ ಷರ್ಲಿ ಜಾಕ್ಸನ್ (ಮರಣ 1965) ನಾಲ್ಕು ಮಕ್ಕಳನ್ನು ಸಾಕುತ್ತ ಬರೆದವರು. ಜಗತ್ತು ಅವರನ್ನು ಬಲ್ಲದ್ದು 1948ರ ‘ದಿ ಲಾಟರಿ’ ಎಂಬ ಭೀಕರ ಕಥೆಯಿಂದ. ಅದೇ ವರ್ಷ ಅವರು ಪ್ರಕಟಿಸಿದ ‘ಚಾರ್ಲ್ಸ್’ ಎಂಬ ನಗೆಗಥೆ ನಮ್ಮ ವಿಷಯಕ್ಕೆ ಹೆಚ್ಚು ಪ್ರಕೃತವಾದದ್ದು. ಶಿಶುವಿಹಾರಕ್ಕೆ ಹೊಸದಾಗಿ ಸೇರಿದ ಮಗ ದಿನವೂ ಮನೆಗೆ ಬಂದು ಚಾರ್ಲ್ಸ್ ಎಂಬ ತುಂಟನ ಕಿಡಿಗೇಡಿತನವನ್ನು ವರ್ಣಿಸುತ್ತಾನೆ. ಆ ದುಷ್ಟ ಹುಡುಗನ ತಾಯಿಯನ್ನು ನೋಡಬೇಕೆಂಬ ಕುತೂಹಲದಿಂದ ತಾಯಿ ಶಾಲೆಯ ಸಭೆಗೆ ಹೋಗುತ್ತಾಳೆ. ತರಗತಿಯಲ್ಲಿ ಚಾರ್ಲ್ಸ್ ಎಂಬ ಹುಡುಗನೇ ಇಲ್ಲವೆಂದು ಉಪಾಧ್ಯಾಯಿನಿ ಹೇಳುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ನಗೆಗೀಡಾದವನು ಮಗುವಲ್ಲ. ತನ್ನ ಮಗುವನ್ನು ಬಲ್ಲೆನೆಂದು ನಂಬಿದ್ದ ತಾಯಿ. ಭರತನ ಆತ್ಮಸ್ಥ ಪರಸ್ಥಗಳೆರಡೂ ಒಂದೇ ವಾಕ್ಯದಲ್ಲಿ ಕೂಡುವ ಸ್ಥಳ ಅದು. ಮಕ್ಕಳನ್ನು ಕುರಿತ ಒಳ್ಳೆಯ ಹಾಸ್ಯದಲ್ಲಿ ಪೆಟ್ಟು ಬೀಳಬೇಕಾದದ್ದು ಹಿರಿಯರಿಗೆ ಎಂಬ ನಿಯಮವನ್ನು ಈ ಒಂದು ಕಥೆಯಿಂದಲೇ ಕಲಿಯಬಹುದು.

ಜಾಕ್ಸನ್ನರು ಸಂಸಾರದ ಈ ಕಥೆಗಳನ್ನು 1953 ಮತ್ತು 1957ರಲ್ಲಿ ಎರಡು ಪುಸ್ತಕಗಳಾಗಿ ಹೊರತಂದರು. ಮೊದಲನೆಯದರಲ್ಲಿ ಒಂದು ಪ್ರಸಂಗವಿದೆ. ಹೆರಿಗೆಗೆಂದು ಹೋದ ನಿರೂಪಕಿಯನ್ನು ಆಸ್ಪತ್ರೆಯ ಗುಮಾಸ್ತೆ ಉದ್ಯೋಗವೇನೆಂದು ಕೇಳುತ್ತಾಳೆ. ಬರಹಗಾರ್ತಿ ಎಂಬ ಉತ್ತರವನ್ನು ಕೇಳಿಯೂ ಕೇಳದವಳಂತೆ ಗೃಹಿಣಿಯೆಂದು ಬರೆದುಕೊಳ್ಳುವುದಾಗಿ ಹೇಳುತ್ತಾಳೆ. ನಗೆ ತರಿಸುವ ಪ್ರಸಂಗವೇ ಹೌದು. ಆದರೆ ಆ ಮನೆಯ ಆದಾಯದಲ್ಲಿ ಒಂದು ದೊಡ್ಡ ಭಾಗ ಬರುತ್ತಿದ್ದದ್ದು ಇದೇ ‘ಗೃಹಿಣಿ’ ಪತ್ರಿಕೆಗಳಿಗೆ ಬರೆಯುತ್ತಿದ್ದ ಕಥೆಗಳಿಂದ ಎಂಬುದನ್ನು ನೆನೆದರೆ ನಗೆಯ ಬಣ್ಣ ಬದಲಾಗುತ್ತದೆ. ಕನ್ನಡದಲ್ಲಿ ಆ ಗುಮಾಸ್ತೆಯ ಕೆಲಸವನ್ನು ವಿಮರ್ಶಕರು ಮಾಡಿದರು. ಹೆಂಗಸರ ಬರಹಕ್ಕೆ ‘ಅಡುಗೆಮನೆ ಸಾಹಿತ್ಯ’ವೆಂಬ ಚೀಟಿ ಅಂಟಿಸಿದಾಗ, ನಗೆಬರಹಕ್ಕೆ ಮೊದಲೇ ಅಂಟಿದ್ದ ‘ಲಘು’ ಎಂಬ ಚೀಟಿಯೂ ಸೇರಿ, ಹಾಸ್ಯಲೇಖಕಿಯ ಹೆಸರು ಎರಡು ಪಟ್ಟು ಮರೆಯಾಯಿತು. ಪತ್ರಿಕೆಯ ಸಂಚಿಕೆಯಲ್ಲಿ ಬಂದದ್ದು ಸಂಚಿಕೆಯೊಡನೆಯೇ ರದ್ದಿಗೆ ಹೋಗುವುದು ಸಾಮಾನ್ಯ. ಇದು ಈ ಪ್ರಕಾರ ತೆತ್ತ ಬೆಲೆ. ಇದನ್ನು ಮರೆಸಿ ಅದರ ಗುಣಗಳನ್ನು ಮಾತ್ರ ಹೊಗಳುವುದು ನ್ಯಾಯವಲ್ಲ.

ತಂದೆಯಾದವನಿಗೆ ಈ ಪಾಡು ಇಲ್ಲವೇ ಎಂದು ಕೇಳಬಹುದು. ಮದರಾಸಿನ ಪುರಸವಾಕ್ಕಮ್ಮಿನಲ್ಲಿ ಅಜ್ಜಿಯ ಬಳಿ ಬೆಳೆದು ಮೈಸೂರಿನಲ್ಲಿ ನೆಲೆಸಿದ ಆರ್. ಕೆ. ನಾರಾಯಣರ ಪತ್ನಿ ರಾಜಂ 1939ರಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡಾಗ ಮಗಳು ಹೇಮಾ ಇನ್ನೂ ಎಳೆಯ ಕೂಸು. ಕೆಲಕಾಲ ಅವರ ಬರವಣಿಗೆ ನಿಂತಿತು. 1945ರಲ್ಲಿ ಬಂದ ‘ದಿ ಇಂಗ್ಲಿಷ್ ಟೀಚರ್’ ಆ ದುಃಖದ ಕೃತಿ. ಆದರೂ ಅದರಲ್ಲಿ ಮಗಳು ಹೋಗುವ ಶಿಶುಶಾಲೆಯ ಹೆಡ್‌ಮಾಸ್ತರನು ಬರುತ್ತಾನೆ; ಊರ ಮಕ್ಕಳ ಮನವೊಲಿಸಬಲ್ಲ ಆ ಪುಣ್ಯಾತ್ಮ ತನ್ನ ಸ್ವಂತ ಮನೆಯಲ್ಲಿ ಹೆಂಡತಿಮಕ್ಕಳನ್ನು ಒಲಿಸಲಾರ. ದುಃಖದ ನಡುವೆ ನಗೆ ಮತ್ತೆ ಚಿಗುರಿದ್ದು ಮಗುವಿನ ಕೈ ಹಿಡಿದು ಹೋದ ಆ ಶಾಲೆಯಲ್ಲಿ. ಆದರೆ ನಾರಾಯಣರ ಮನೆ ತಾಯಿ, ಸೋದರರಿಂದ ತುಂಬಿದ ಮನೆಯಾಗಿತ್ತೆಂಬುದನ್ನು ಗಮನಿಸಬೇಕು. ತಂದೆ ಬರೆಯುತ್ತಿದ್ದಾಗ ಮಗುವಿಗೆ ಊಟ ಮಾಡಿಸುವ ಕೈಗಳು ಬೇರೆ ಇದ್ದವು. ಲೇಖಕನ ಜೀವನಚರಿತ್ರೆಯಲ್ಲಿ ಆ ಕೈಗಳಿಗೆ ಅರ್ಧ ವಾಕ್ಯ ಸಲ್ಲುತ್ತದೆ. ಲೇಖಕಿಯ ಜೀವನಚರಿತ್ರೆಯಲ್ಲಿ ಆ ಕೈಗಳು ಅವಳವೇ.

ಇಷ್ಟನ್ನು ಹೇಳಿದ ಮೇಲೆ ವೆಸ್ಟ್ ಮಾಂಬಲಮ್ಮಿಗೆ ಬರಬಹುದು. ಹಾಸ್ಯದ ಈ ಪ್ರಕಾರಕ್ಕೆ ಕನ್ನಡದಲ್ಲಿ ಇದಕ್ಕಿಂತ ಹದವಾದ, ಇದಕ್ಕಿಂತ ಪಾಳು ಬಿದ್ದ ನೆಲ ಇನ್ನೊಂದು ಇರಲಾರದು.

ರೈಲುದಾರಿಯ ಪೂರ್ವಕ್ಕೆ ತ್ಯಾಗರಾಯನಗರ, ಪಶ್ಚಿಮಕ್ಕೆ ಇದು. ಬತ್ತಿಹೋದ ದೊಡ್ಡ ಕೆರೆಯ ನೆನಪು ಲೇಕ್ ವ್ಯೂ ರಸ್ತೆಯ ಹೆಸರಿನಲ್ಲಿ ಮಾತ್ರ ಉಳಿದಿದೆ. ಕೆರೆ ಹೋದರೂ ಅದರ ಸೊಳ್ಳೆಗಳು ಹೋಗಲಿಲ್ಲವೆಂಬುದು ತಮಿಳು ವಿನೋದಗಾರರ ಬಹುಕಾಲದ ಬಂಡವಾಳ. ಅಯೋಧ್ಯಾ ಮಂಟಪವಿರುವ ಆರ್ಯಗೌಡ ರಸ್ತೆಗೆ ನೀಲಗಿರಿಯ ಬಡಗ ಮುಖಂಡ ಎಚ್. ಬಿ. ಆರಿ ಗೌಡರ ಹೆಸರಿಟ್ಟದ್ದೆಂದು ಹೇಳುತ್ತಾರೆ. ಕನ್ನಡದ ಸೋದರನುಡಿಯಾಡುವವರ ಹೆಸರೊಂದು ಇಲ್ಲಿ ದಿನವೂ ತಮಿಳಿನಲ್ಲಿ ಉಚ್ಚರಿತವಾಗುತ್ತಿದೆ. ಬಳ್ಳಾರಿ 1953ರ ವರೆಗೆ, ದಕ್ಷಿಣ ಕನ್ನಡ 1956ರ ವರೆಗೆ ಮದರಾಸು ರಾಜ್ಯದವೇ ಆಗಿದ್ದವು. ಆ ಊರುಗಳಿಂದ ಓದಿಗೆ, ಕಚೇರಿಗೆ ಇಲ್ಲಿಗೆ ಬಂದವರು ಬಂದದ್ದು ತಮ್ಮದೇ ರಾಜಧಾನಿಗೆ. ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವರು ಕುಳಿತಲ್ಲಿಂದ ಏಳದೆಯೇ ಹೊರನಾಡಿನವರಾದರು. ಮೈಸೂರು ಸೀಮೆಯಿಂದ ಬ್ಯಾಂಕು, ರೈಲ್ವೆ, ಲೆಕ್ಕಪತ್ರದ ಕಚೇರಿಗಳಿಗೆ ಬಂದವರು ಬೇರೆ.

ಇಂಥ ಮನೆಗಳಲ್ಲಿ ಹುಟ್ಟಿದ ಮಗು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಒಟ್ಟಿಗೆ ಕಲಿಯುತ್ತದೆ. ಎರಡಕ್ಕೂ ನಡುವೆ ಗೋಡೆಯಿರಬೇಕೆಂಬುದು ಅದಕ್ಕೆ ತಿಳಿಯದು. ಊರಿನಿಂದ ಆಗತಾನೆ ಬಂದ, ಈರುಳ್ಳಿಯನ್ನೂ ಮುಟ್ಟದ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿರಿ. ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ ನಿಂತು ಮೊಮ್ಮಗನನ್ನು ‘ಮೊಟ್ಟೈಮಾಡಿ’ ಎಂದು ಕೂಗುತ್ತಾನೆ. ಅವನು ಆಟಕ್ಕೆ ಕರೆದದ್ದು ತೆರೆದ ಮಹಡಿಗೆ. ಅಜ್ಜಿಗೆ ಕೇಳಿಸಿದ್ದು ಮೊಟ್ಟೆ ಮಾಡುವ ಬಹುವಚನದ ವಿನಂತಿ. ಅದಕ್ಕೆ ಮೊಮ್ಮಗ ‘ಈಗಲೇ ಬಂದೆ’ ಎಂದು ಓಡಿದರೆ ಅಜ್ಜಿಯ ಸ್ಥಿತಿಯನ್ನು ವರ್ಣಿಸುವುದಕ್ಕೆ ಹಾಸ್ಯಲೇಖಕಿಯೇ ಬೇಕು. ಅದೇ ಮೊಮ್ಮಗನಿಗೆ ‘ಪಾಠ ಮಾಡಿ’ ಎಂದರೆ, ಮಹಡಿಗೆ ತಮಿಳಿನಲ್ಲಿ ‘ಮಾಡಿ’ ಎನ್ನುವರೆಂಬ ನೆಪ ಹೂಡಿ ಪುಸ್ತಕ ಬಿಟ್ಟು ಮೇಲಕ್ಕೆ ಹತ್ತುವಷ್ಟು ಭಾಷಾಪಾಂಡಿತ್ಯ ಆರನೆಯ ವಯಸ್ಸಿಗೆ ಬಂದಿರುತ್ತದೆ.

ಹಾಲಿನ ಪ್ರಸಂಗ ಇದಕ್ಕಿಂತ ಸೂಕ್ಷ್ಮವಾದದ್ದು. ‘ತಾತ, ನನಗೆ ಪಾಲು ಬೇಡ’ ಎಂದು ಮಗು ಲೋಟವನ್ನು ದೂರ ತಳ್ಳಿದರೆ, ದಾಯಾದಿಗಳ ವ್ಯಾಜ್ಯದಲ್ಲಿ ಅರ್ಧ ಆಯುಸ್ಸು ಕಳೆದ ತಾತನಿಗೆ ಕಣ್ಣಲ್ಲಿ ನೀರು ಬರಬಹುದು. ಮನೆತನದಲ್ಲಿ ಪಾಲು ಬೇಡವೆಂದ ಮೊದಲ ವ್ಯಕ್ತಿ ಅದು! ತಿದ್ದಲು ಹೊರಟರೆ ಇನ್ನೊಂದು ತೊಡಕು. ತಮಿಳಿನ ಪಾಲ್, ಪುಲಿ, ಪೂ ನಮ್ಮಲ್ಲಿ ಹಾಲು, ಹುಲಿ, ಹೂ ಆಗಿವೆಯೆಂದು ಒಮ್ಮೆ ಹೇಳಿಕೊಟ್ಟರೆ ಮಗು ಆ ಸೂತ್ರವನ್ನು ನಿರಪವಾದವಾಗಿ ಅನ್ವಯಿಸಿ ಹಾಯಸ ಬೇಡುತ್ತದೆ, ಹೆನ್ಸಿಲು ಹುಡುಕುತ್ತದೆ. ಪಕಾರವು ಹಕಾರವಾದದ್ದು ಹತ್ತನೆಯ ಶತಮಾನದ ಸುಮಾರಿನಿಂದ ಕೆಲವು ಶತಮಾನಗಳ ಅವಧಿಯಲ್ಲಿ. 941ರಲ್ಲಿ ಕಾವ್ಯ ಬರೆದ ಪಂಪನಿಗೆ ಹಾಲು ‘ಪಾಲ್’, ಹುಲಿ ‘ಪುಲಿ’. ಹಾಗಾದರೆ ಮಾಂಬಲಮ್ಮಿನ ಮಗು ಕೆಟ್ಟ ಕನ್ನಡವನ್ನು ಆಡುತ್ತಿಲ್ಲ, ಸಾವಿರ ವರ್ಷ ಹಳೆಯ ಕನ್ನಡವನ್ನು ಆಡುತ್ತಿದೆಯೆಂದು ಹಳಗನ್ನಡ ಬಲ್ಲ ತಂದೆ ವಾದಿಸಬಹುದು. ಲೋಟದಲ್ಲಿ ಹಾಲು ಆರುತ್ತಲೇ ಇರುತ್ತದೆ. (ಹಂಚಿಕೆಯ ‘ಪಾಲು’ ಮಾತ್ರ ಏಕೆ ಹಕಾರವಾಗದೆ ಉಳಿಯಿತೆಂಬುದು ಬೇರೊಂದು ಲೇಖನದ ವಿಷಯ.)

ಮಂಗಳೂರಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕಿಯಾಗಿದ್ದ ಭುವನೇಶ್ವರಿ ಹೆಗಡೆಯವರು ತಮ್ಮ ಒಂದು ನಗೆಬರಹದ ಸಂಗ್ರಹಕ್ಕೆ ‘ಎಂಥದು ಮಾರಾಯ್ರೆ’ ಎಂದೇ ಹೆಸರಿಟ್ಟಿದ್ದಾರೆ. ಕರಾವಳಿಯ ಮಾತಿಗೆ ಹಾಸ್ಯದಲ್ಲಿ ಈ ಪೌರತ್ವ ದೊರೆತಿದೆ. ಧಾರವಾಡದ ಮಾತಿಗೂ ದೊರೆತಿದೆ. ಮಾಂಬಲಮ್ಮಿನ ಮನೆಗನ್ನಡಕ್ಕೆ ದೊರೆಯದಿರುವುದಕ್ಕೆ ಕಾರಣ ಅದನ್ನು ಆಡುವವರ ನಾಚಿಕೆಯೇ. ಮಗುವಿನ ಮಿಶ್ರನುಡಿ ತಿದ್ದಬೇಕಾದ ದೋಷವೆಂದು ಎಲ್ಲರಿಗೂ ಅನಿಸಿದೆ. ಬರೆದಿಡಬೇಕಾದ ಸಾಮಗ್ರಿಯೆಂದು ಅನಿಸಿದವರು ವಿರಳ.

ಆದರೆ ಇಲ್ಲಿಯೇ ನಗೆಯ ಬುಡದಲ್ಲಿರುವ ವ್ಯಥೆ ಕಾಣಿಸಿಕೊಳ್ಳುತ್ತದೆ. ಮಕ್ಕಳನ್ನು ಕುರಿತು ಬರೆಯುವ ಎಲ್ಲ ತಾಯ್ತಂದೆಯರಿಗೂ ಒಂದು ಭಯವುಂಟು: ಮಗು ಬೆಳೆದು ಇದನ್ನು ಓದಿದರೆ ಏನೆಂದೀತು? ಹೊರನಾಡಿನ ಕನ್ನಡ ಲೇಖಕಿಗೆ ಇರುವ ಭಯ ಇದಕ್ಕೆ ತಿರುಗುಮುರುಗಾದದ್ದು: ಮಗು ಬೆಳೆದು ಇದನ್ನು ಓದಲಾರದೆ ಹೋದರೆ? ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾಯಿದೆಯು ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು; ಅಲ್ಪಸಂಖ್ಯಾತ ಭಾಷೆಗಳವರ ಅಹವಾಲು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಇದ್ದ ನಾಡಿನ ಭಾಷೆಯನ್ನು ಮಗು ಕಲಿಯುವುದು ಉಚಿತವೇ. ಆದರೆ ಇಂಗ್ಲಿಷ್, ತಮಿಳುಗಳ ನಂತರ ಕನ್ನಡದ ಅಕ್ಷರಕ್ಕೆ ಉಳಿಯುವುದು ಭಾನುವಾರದ ಮಧ್ಯಾಹ್ನ ಮಾತ್ರ. ಆ ಮಧ್ಯಾಹ್ನಕ್ಕೆ ಕ್ರಿಕೆಟ್ಟೂ ಹಕ್ಕುದಾರ. ತನ್ನನ್ನೇ ಕುರಿತ ನಗೆಗಥೆಯನ್ನು ಓದಲಾರದ ಮಗುವಿಗೆ ಅದನ್ನು ತಾಯಿಯೇ ಗಟ್ಟಿಯಾಗಿ ಓದಿ ಹೇಳಬೇಕು. ಆಗ ಒಂದು ಅನುಕೂಲವೂ ಆಗುತ್ತದೆ. ನಿಜಸಂಗತಿಯನ್ನು ಹರಟೆಯಾಗಿ ಬರೆದಿದ್ದರೆ ಮಗು ‘ನಾನು ಹಾಗೆ ಹೇಳಲೇ ಇಲ್ಲ’ ಎಂದು ತಕರಾರು ತೆಗೆಯುತ್ತದೆ. ಇಬ್ಬರು ಮಕ್ಕಳನ್ನು ಒಬ್ಬನನ್ನಾಗಿಸಿ, ವಯಸ್ಸು ಬದಲಿಸಿ, ಪಕ್ಕದ ಬೀದಿಗೆ ಮನೆ ಸಾಗಿಸಿ ಕಥೆ ಮಾಡಿದ್ದರೆ ‘ಆಮೇಲೆ ಅವನೇನು ಮಾಡಿದ?’ ಎಂದು ಕೇಳುತ್ತದೆ. ಹರಟೆಗಿಂತ ಕಥೆಯೇ ಮಕ್ಕಳೊಂದಿಗರಿಗೆ ತಕ್ಕದ್ದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಮಗುವಿನ ಮರ್ಯಾದೆಯೂ ಉಳಿಯಿತು, ಮುಂದಿನ ತಿಂಗಳ ಕಂತಿಗೆ ದಾರಿಯೂ ಆಯಿತು.

ಇಂಥ ಕಥೆಗಳನ್ನು ಬರೆಯಹೊರಟವರಿಗೆ ಎದುರಾಗುವ ಒಂದು ಲಿಪಿಯ ತೊಡಕನ್ನು ಹೇಳಲೇಬೇಕು. ತಮಿಳಿನ ಹಣ್ಣಿನ ಹೆಸರಿನ ಕೊನೆಗೆ ಬರುವ ಆ ವಿಶಿಷ್ಟ ಅಕ್ಷರ ನಮ್ಮಲ್ಲಿಯೂ ‘ೞ’ ಎಂದು ಇತ್ತು. ಕ್ರಮೇಣ ಬಹುಮಟ್ಟಿಗೆ ಳಕಾರದಲ್ಲಿ ಲೀನವಾಯಿತು. ಶಾಲೆಯ ತಮಿಳು ಉಪಾಧ್ಯಾಯಿನಿಯ ಮುಂದೆ ಮಗು ‘ವಾೞೈಪ್ಪೞಂ’ ಎಂದು ನಾಲಗೆ ಮಡಿಚುತ್ತದೆ. ನೆರೆಮನೆಯಲ್ಲಿ ಅದು ‘ವಾಳಪ್ಪಳಂ’. ಲೇಕ್ ವ್ಯೂ ರಸ್ತೆಯ ತಳ್ಳುಗಾಡಿಯವನ ಹತ್ತಿರ ‘ವಾಯಪ್ಪಯಂ’. ಮನೆಗೆ ಬಂದು ಅಜ್ಜಿಯ ಮುಂದೆ ‘ಬಾಳೆಹಣ್ಣು’ ಎನ್ನುತ್ತದೆ. ನಾಲ್ಕು ಜನರೊಡನೆ ನಾಲ್ಕು ಬಗೆಯಾಗಿ ಮಾತಾಡುವ ಈ ಮಗುವನ್ನು ಕಥೆಯಲ್ಲಿ ತರಬೇಕಾದರೆ ಹಳಗನ್ನಡದ ಪುಸ್ತಕಗಳಲ್ಲಿ ಮಲಗಿರುವ ೞಕಾರವನ್ನು ಎಬ್ಬಿಸಿ ಅಡುಗೆಮನೆಗೆ ಕರೆತರಬೇಕಾಗುತ್ತದೆ. ಗಣಕಯಂತ್ರದ ಅಕ್ಷರಮಾಲೆಯಲ್ಲಿ ಅದಕ್ಕೆ ಸ್ಥಾನವಿದೆ. ಅಚ್ಚಿನ ಮೊಳೆಯ ಕಾಲದ ತೊಂದರೆ ಈಗಿಲ್ಲ.